ಇಳಿಯುವಾಗ ತಗೊಳ್ಳಿ

ಬಸ್ಸಿನಲ್ಲಿ ದೊಡ್ಡ ನೋಟು ಕೊಟ್ಟವರಿಗೆಲ್ಲ ಇದು ಗೊತ್ತಿರುತ್ತದೆ. ಕಂಡಕ್ಟರ್ ಟಿಕೆಟ್ಟನ್ನು ತಿರುಗಿಸಿ, ಹಿಂದುಗಡೆ ಪೆನ್ನಿನಲ್ಲಿ ಬಾಕಿ ಎಷ್ಟು ಅಂತ ಗೀಚಿ, ಅದರ ಸುತ್ತ ಒಂದು ಸೊನ್ನೆ ಸುತ್ತಿ ಕೈಗೆ ಕೊಡುತ್ತಾನೆ. 'ಚಿಲ್ಲರೆ ಇಳಿಯುವಾಗ ತಗೊಳ್ಳಿ.' ಅಲ್ಲಿಂದ ಊರು ಬರುವ ತನಕ ನಮಗೆ ಅದೊಂದೇ ಧ್ಯಾನ. ಕಂಡಕ್ಟರ್ ಮುಂದೆ ಹೋದರೆ ಕಣ್ಣು ಮುಂದೆ, ಹಿಂದೆ ಬಂದರೆ ಕಣ್ಣು ಹಿಂದೆ. ಇಷ್ಟೆಲ್ಲ ಕಾದು, ಸ್ಟಾಪ್ ಬಂದಾಗ ಬ್ಯಾಗು, ಮಗು, ಚಪ್ಪಲಿ ಹುಡುಕುವ ಗಡಿಬಿಡಿಯಲ್ಲಿ ಚಿಲ್ಲರೆ ಮರೆತು ಇಳಿದುಬಿಡುತ್ತೇವೆ.

ನಮ್ಮಪ್ಪ ಹಾಗೆ ಸೊನ್ನೆ ಸುತ್ತಿ ಕೊಡುತ್ತಿದ್ದ ಕಂಡಕ್ಟರ್. ಕೆಂಬಸ್ಸಿನಲ್ಲಿ ಮೂವತ್ಮೂರು ವರ್ಷದ ಸರ್ವೀಸು. ಕೊನೆಯ ಇಪ್ಪತ್ತೆರಡು ವರ್ಷ ಹಾಸನ–ಮಂಗಳೂರು ಒಂದೇ ರೂಟು. ಇವತ್ತು ಹೋಗಿ ಅಲ್ಲೇ ನೈಟ್ ಹಾಲ್ಟ್, ನಾಳೆ ಬೆಳಿಗ್ಗೆ ವಾಪಸ್. ಆಲೂರು, ಬಾಳ್ಳುಪೇಟೆ, ಸಕಲೇಶಪುರ, ದೋಣಿಗಲ್, ಮಾರನಹಳ್ಳಿ, ಗುಂಡ್ಯ, ನೆಲ್ಯಾಡಿ, ಉಪ್ಪಿನಂಗಡಿ, ಬಿ.ಸಿ. ರೋಡ್. ನನ್ನ ತಮ್ಮ ಚಿಕ್ಕವನಿದ್ದಾಗ ಇದನ್ನು ಮಗ್ಗಿಯ ಹಾಗೆ ಒಪ್ಪಿಸುತ್ತಿದ್ದ.

ಯಾರಾದರೂ ಚಿಲ್ಲರೆ ಮರೆತು ಇಳಿದರೆ ಅಪ್ಪನಿಗೆ ಆವತ್ತು ಊಟ ಸೇರುತ್ತಿರಲಿಲ್ಲ. 'ನೆಲ್ಯಾಡೀಲಿ ಇಳಿದ ಅಜ್ಜಿದು ಹದಿನೇಳು ರೂಪಾಯಿ ಉಳ್ಕೊಂಡ್ತು ಕಣೇ' ಅಂತ ಅಮ್ಮನ ಹತ್ತಿರ ಪೇಚಾಡುತ್ತಿದ್ದ. ಅಡುಗೆಮನೆ ಶೆಲ್ಫಿನಲ್ಲಿ ಒಂದು ಹಳೇ ಬೋರ್ನ್‌ವಿಟಾ ಡಬ್ಬಿ ಇತ್ತು. ಆ ದುಡ್ಡೆಲ್ಲ ಅದರೊಳಕ್ಕೆ. ವರ್ಷಕ್ಕೊಮ್ಮೆ ಧರ್ಮಸ್ಥಳದ ಹುಂಡಿಗೆ. ನಾವು ಐಸ್‌ಕ್ಯಾಂಡಿಗೆ ಅಂತ ಕೇಳಿದರೂ ಆ ಡಬ್ಬಿ ಮುಟ್ಟುವ ಹಾಗಿರಲಿಲ್ಲ.

ಒಂದು ದಿನ ನಾನು ಸುಮ್ನೆ ಲೆಕ್ಕ ಹಾಕಿದೆ. ಹಾಸನದಿಂದ ಮಂಗಳೂರಿಗೆ ಸುಮಾರು 170 ಕಿಲೋಮೀಟರ್. ರಜೆ, ವಾರದ ರಜೆ, ಬೇರೆ ಡ್ಯೂಟಿ ಎಲ್ಲ ಕಳೆದು ವರ್ಷಕ್ಕೆ 200 ದಿನ ಅಂತ ಇಟ್ಟುಕೊಂಡರೂ ಇಪ್ಪತ್ತೆರಡು ವರ್ಷಕ್ಕೆ ಏಳೂವರೆ ಲಕ್ಷ ಕಿಲೋಮೀಟರ್ ಹತ್ತಿರ ಬರುತ್ತದೆ. ಭೂಮಿಯಿಂದ ಚಂದ್ರನಿಗೆ ಸರಾಸರಿ 3,84,400 ಕಿಲೋಮೀಟರ್. ಅಂದರೆ ನಮ್ಮಪ್ಪ, ಅದೂ ಬಹಳಷ್ಟು ದೂರ ನಿಂತುಕೊಂಡೇ, ಹೆಚ್ಚುಕಡಿಮೆ ಚಂದ್ರನಿಗೆ ಹೋಗಿ ವಾಪಸ್ ಬಂದಿದ್ದ. ಆದರೆ ದೋಣಿಗಲ್‌ನಲ್ಲಿ ಒಂದು ಸಲವೂ ಇಳಿದಿರಲಿಲ್ಲ.

ದೋಣಿಗಲ್ ಯಾಕೆ ಅಂದರೆ, ಅಲ್ಲಿ ಹೆದ್ದಾರಿ ಪಕ್ಕದಲ್ಲೇ ಮಂಜರಾಬಾದ್ ಕೋಟೆ ಇದೆ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು. ಎಂಟು ಮೂಲೆಯ ನಕ್ಷತ್ರದ ಆಕಾರ. ಕೆಳಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ, ಗುಡ್ಡದ ಮೇಲೊಂದು ಕಪ್ಪು ಗೋಡೆ ಅಷ್ಟೇ. ಮಳೆಗಾಲದಲ್ಲಿ ಮಂಜು ಮುಚ್ಚಿ ಅದೂ ಕಾಣುವುದಿಲ್ಲ. ಮೇಲೆ ಹತ್ತಲು ಸುಮಾರು ಇನ್ನೂರೈವತ್ತು ಮೆಟ್ಟಿಲು. ಆಕಾಶ ತಿಳಿಯಾಗಿದ್ದ ದಿನ ಮೇಲಿನಿಂದ ಕಡಲು ಕಾಣುತ್ತದೆ ಅಂತ ಹೇಳುತ್ತಾರೆ. ಅಪ್ಪ ವರ್ಷಕ್ಕೆ ಇನ್ನೂರು ಸಲ ಅದರ ಬುಡದಲ್ಲೇ ಹಾದುಹೋಗುತ್ತಿದ್ದ. 'ಎಷ್ಟೋ ಜನರಿಗೆ ಕೋಟೆ ಸ್ಟಾಪು ತೋರಿಸಿದ್ದೀನಿ, ನಾನೇ ಹತ್ತಿಲ್ಲ ನೋಡು' ಅಂತ ನಗುತ್ತಿದ್ದ.

ಕಡಲಿನದೂ ಅದೇ ಕತೆ. ಮಂಗಳೂರಿನ ಬಿಜೈ ಬಸ್ ಸ್ಟ್ಯಾಂಡಿನಿಂದ ಪಣಂಬೂರು ಬೀಚಿಗೆ ಹತ್ತು ಕಿಲೋಮೀಟರ್ ಇರಬಹುದು. ಸಿಟಿ ಬಸ್ಸಿಗೇನೂ ಬರವಿಲ್ಲ. ಎರಡು ಸಾವಿರ ರಾತ್ರಿಗಿಂತ ಜಾಸ್ತಿ ಕಡಲಿಗೆ ಅಷ್ಟು ಹತ್ತಿರ ಮಲಗಿದ ಮನುಷ್ಯ ಕಡಲು ನೋಡಿರಲಿಲ್ಲ. 'ಕಡಲು ಎಲ್ಲಿಗೆ ಹೋಗ್ತದೆ, ಅಲ್ಲೇ ಇರ್ತದೆ. ರಿಟೈರ್ ಆದ್ಮೇಲೆ ಆರಾಮಾಗಿ ನೋಡೋಣ.' ಟೀವಿಯಲ್ಲಿ ಯಾವ ಊರು ತೋರಿಸಿದರೂ ಇದೇ ಮಾತು. ಅಮ್ಮ ಒಂದು ಸಲ ರೇಗಿ, 'ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಅಂತ ಆಗ್ತದೆ ನೋಡ್ತಿರಿ' ಅಂದಿದ್ದಳು.

2023ರ ಜುಲೈ ಕೊನೆಗೆ ಅಪ್ಪ ರಿಟೈರ್ ಆದ. ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಗಿತ್ತು. ಹೆಂಗಸರಿಗೆಲ್ಲ ಫ್ರೀ. ಕೊನೆಯ ಐವತ್ತು ದಿನ ಬಸ್ಸಿನಲ್ಲಿ ಕಾಲಿಡಲು ಜಾಗ ಇಲ್ಲ, ಒಬ್ಬೊಬ್ಬರ ಆಧಾರ್ ನೋಡಿ ಸೊನ್ನೆ ರೂಪಾಯಿ ಟಿಕೆಟ್ ಕೊಡಬೇಕು. ಕಾಲು ಬಾತು ಮನೆಗೆ ಬರುತ್ತಿದ್ದ. ಆದರೂ ಖುಷಿಯಿಂದ ಹೇಳುತ್ತಿದ್ದ: 'ಹೆಂಗಸರೆಲ್ಲ ಹೊರಟವರೆ ಕಣೆ. ಧರ್ಮಸ್ಥಳಕ್ಕೆ, ಸುಬ್ರಹ್ಮಣ್ಯಕ್ಕೆ. ಒಂದು ಮುದುಕಿ ಅಂತೂ ಸುಮ್ನೆ ಘಾಟಿ ನೋಡೋಕೆ ಬಂದಿದ್ಲು. ಗುಂಡ್ಯದಲ್ಲಿ ಇಳಿದು, ಟೀ ಕುಡಿದು, ವಾಪಸ್ ಹೋಗ್ತೀನಿ ಅಂದ್ಲು.' ಆ ಮುದುಕಿಯ ವಿಷಯ ನಮಗೆ ಹತ್ತು ಸಲವಾದರೂ ಹೇಳಿದ್ದಾನೆ.

ಈಗ ನಾನು ಹೇಳಲೇಬೇಕಾದ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಅಪ್ಪನನ್ನೇ ತಪ್ಪಿತಸ್ಥನನ್ನಾಗಿ ಮಾಡಿದ ಹಾಗೆ ಬರೆದೆ, ಅಲ್ವಾ? ನಿಜ ಏನೆಂದರೆ, ರಿಟೈರ್ ಆದ ಮೇಲೆ ಅಪ್ಪ ಮಾತು ಉಳಿಸಿಕೊಂಡ. ನವೆಂಬರಿನಲ್ಲಿ ಬೆಂಗಳೂರಿಗೆ ನನಗೆ ಫೋನ್ ಮಾಡಿದ.

'ಮಗಾ, ಈ ಭಾನುವಾರ ಬರ್ತೀಯಾ? ಕೋಟೆ ಹತ್ತೋಣ. ನಿಮ್ಮಮ್ಮನ್ನೂ ಕರ್ಕೊಂಡು.'

'ರಿಲೀಸ್ ಇದೆ ಅಪ್ಪ. ಮುಂದಿನ ತಿಂಗಳು ಬರ್ತೀನಿ.'

'ಆಯ್ತು ಆಯ್ತು, ಕೆಲಸ ನೋಡ್ಕೋ.'

ಸಂಕ್ರಾಂತಿಗೆ ಮತ್ತೆ ಕೇಳಿದ. ಆಗ ಯಾವುದೋ ಆಡಿಟ್ ಇತ್ತು. ಆ ರಿಲೀಸಿನಲ್ಲಿ ಏನು ಕೊಟ್ಟೆವು, ಆ ಆಡಿಟ್‌ನಲ್ಲಿ ಏನು ಕೇಳಿದರು, ಒಂದೂ ಈಗ ನೆನಪಿಲ್ಲ. ನನ್ನ ಹೆಸರಿನಲ್ಲಿ ಆವಾಗ 41 ದಿನ ರಜೆ ಉಳಿದಿತ್ತು ಅನ್ನುವುದು ಮಾತ್ರ ಚೆನ್ನಾಗಿ ನೆನಪಿದೆ.

2024ರ ಮಾರ್ಚಿನಲ್ಲಿ ಅಪ್ಪ ಹೋದ. ರಿಟೈರ್ ಆಗಿ ಏಳು ತಿಂಗಳು ದಾಟಿತ್ತು ಅಷ್ಟೇ. ಬೆಳಗಿನ ಜಾವ ಎದೆ ಹಿಡಿದುಕೊಂಡ ಹಾಗಿದೆ ಅಂದ. ಗ್ಯಾಸ್ ಇರಬೇಕು ಅಂತ ಬಿಸಿನೀರು ಕುಡಿದ, ಜೀರಿಗೆ ಅಗಿದ, ಸ್ವಲ್ಪ ಅಡ್ಡಾದ. ಬೆವರುತ್ತಿದ್ದಾನೆ ಅಂತ ಅಮ್ಮ ಫ್ಯಾನ್ ಜೋರು ಮಾಡಿದಳು. ಹಾಗೆ ಎರಡು ತಾಸು ಹೋಯಿತು. 108 ಬರುವ ಹೊತ್ತಿಗೆ ತಡವಾಗಿತ್ತು. ಅಪ್ಪನಿಗೆ ಹದಿನೈದು ವರ್ಷದ ಶುಗರ್. ಶುಗರ್ ಇರುವವರಿಗೆ ಹಾರ್ಟ್ ಅಟ್ಯಾಕ್ ಆದರೂ ನೋವು ಜೋರಾಗಿ ಗೊತ್ತಾಗದೇ ಇರಬಹುದು ಅಂತ ನನಗೆ ಆಮೇಲೆ ತಿಳಿಯಿತು. ಇದನ್ನು ಓದುತ್ತಿರುವವರ ಮನೆಯಲ್ಲಿ ಅಂಥವರಿದ್ದರೆ, ಎದೆ ಬಿಗಿತ, ಬೆವರು, ಭುಜ ದವಡೆ ಸೆಳೆತ ಅಂದರೆ ಜೀರಿಗೆ ಹುಡುಕಬೇಡಿ. ಮೊದಲು ಇಸಿಜಿ ಮಾಡಿಸಿ. ಗ್ಯಾಸೇ ಆಗಿದ್ದರೆ ಬೈಸಿಕೊಂಡು ವಾಪಸ್ ಬಂದರಾಯಿತು.

ಹಾಲು ತುಪ್ಪ ಆಯಿತು, ಹನ್ನೊಂದನೇ ದಿನದ ತಿಥಿ ಆಯಿತು. ಡಿಪೋದವರು ಗುಂಪಾಗಿ ಬಂದು ಉಂಡು ಹೋದರು. ನಾನು ಬೆಂಗಳೂರಿಗೆ ವಾಪಸ್ ಬಂದು, ಅಪ್ಪ ಸತ್ತವರು ಈಗಿನ ಕಾಲದಲ್ಲಿ ಏನು ಮಾಡುತ್ತಾರೋ ಅದನ್ನೇ ಮಾಡಿದೆ. ಫೋನಿನಲ್ಲಿ ಒಂದು ಪಟ್ಟಿ ಬರೆದೆ. ಬದುಕು ಇಷ್ಟೇ, ಇನ್ನು ಯಾವುದನ್ನೂ ಮುಂದಕ್ಕೆ ಹಾಕಬಾರದು ಅಂತ. ಗಿಟಾರ್ ಕ್ಲಾಸಿಗೆ ನಾಲ್ಕು ತಿಂಗಳ ಫೀಸು ಕಟ್ಟಿ ಮೂರು ಕ್ಲಾಸಿಗೆ ಹೋದೆ. ಆರು ಸಾವಿರದ ಶೂ ತಗೊಂಡು, ಪರಿಚಯವೇ ಇಲ್ಲದ ಹದಿನಾಲ್ಕು ಜನರ ಜೊತೆ ಕುಮಾರ ಪರ್ವತ ಹತ್ತಿದೆ. 1,712 ಮೀಟರ್. ತುದಿಯಲ್ಲಿ ನಿಂತು ಎಲ್ಲರೂ ಕೈ ಚಾಚಿ ಫೋಟೋ ತೆಗೆಸಿಕೊಂಡೆವು. ಫೋಟೋದಲ್ಲಿ ನಾನು ಭಾಳ ಬದುಕುತ್ತಿರುವವಳ ಹಾಗೆ ಕಾಣುತ್ತೇನೆ. ಆಗ ನನ್ನ ತಲೆಯಲ್ಲಿ ಇದ್ದದ್ದು ಎಡ ಮಂಡಿ ನೋವು, ಮತ್ತು ಈ ಮೆಟ್ಟಿಲೇ ಇಲ್ಲದ ಬೆಟ್ಟಕ್ಕೆ ಎರಡು ದಿನ ರಜೆ ಹಾಕಲು ನನಗೆ ಆಗುತ್ತದೆ ಅಂದರೆ, ಆ ಇನ್ನೂರೈವತ್ತು ಮೆಟ್ಟಿಲಿಗೆ ಯಾಕೆ ಆಗಲಿಲ್ಲ ಅನ್ನುವುದು. ಇಳಿದು ಬಂದವಳೇ ಪಟ್ಟಿ ಅಳಿಸಿದೆ. ಟ್ರೆಕ್ಕಿಂಗ್ ಮಾಡುವವರ ಬಗ್ಗೆ ನನಗೇನೂ ತಕರಾರಿಲ್ಲ. ಆ ಪಟ್ಟಿ ನನ್ನದಾಗಿರಲಿಲ್ಲ, ಅಷ್ಟೇ. ನೂರು ಜನರ ಫೋನಿನಲ್ಲಿ ಇರುವ ಪಟ್ಟಿ ಅದು.

ಅಕ್ಟೋಬರ್ 2ಕ್ಕೆ ಮಹಾಲಯ ಅಮಾವಾಸ್ಯೆ ಬಂತು. ಅಪ್ಪನಿಗೆ ಮೊದಲ ಎಡೆ.

ನಮ್ಮ ಕಡೆ ಎಡೆ ಅಂದರೆ ಸತ್ತವರಿಗೆ ಏನು ಇಷ್ಟವೋ ಅದನ್ನೇ ಇಡುವುದು. ತಾತನಿಗೆ ಬೀಡಿ ಕಟ್ಟು, ಎಲೆ ಅಡಿಕೆ, ಒಂದು ಕ್ವಾರ್ಟರ್. ಅಜ್ಜಿಗೆ ಕಜ್ಜಾಯ, ನಶ್ಯದ ಡಬ್ಬಿ. ಅವರದೆಲ್ಲ ಯಾರನ್ನೂ ಕೇಳಬೇಕಾಗಿಲ್ಲ. ಅಪ್ಪನಿಗೆ ಏನಿಡುವುದು ಅಂತ ಬೆಳಿಗ್ಗೆ ಅಮ್ಮ ಕೇಳಿದಾಗ ನಾನೂ ತಮ್ಮನೂ ಮುಖ ಮುಖ ನೋಡಿಕೊಂಡೆವು.

'ಮುದ್ದೆ ಉಪ್ಸಾರು?' ಅಂದ ತಮ್ಮ.

'ಅದು ಮನೇಲಿ ಇದ್ದಿದ್ದು. ಅದಕ್ಕೇ ತಿಂತಿದ್ರು' ಅಂದಳು ಅಮ್ಮ.

'ಚಿತ್ರಾನ್ನ?'

'ಡಬ್ಬಿಗೆ ಬೇಗ ಆಗ್ತದೆ ಅಂತ ನಾನು ಮಾಡ್ತಿದ್ದೆ.'

ಅಪ್ಪ ಯಾವತ್ತೂ ಇದು ಬೇಕು ಅಂದವನಲ್ಲ, ಇದು ಬೇಡ ಅಂದವನೂ ಅಲ್ಲ. ಶುಗರ್ ಅಂತ ಗೊತ್ತಾದ ಮೇಲೆ ಸಿಹಿ ಬಿಟ್ಟಿದ್ದ. ಯುಗಾದಿ ಹೋಳಿಗೆಯನ್ನೂ ಕೈಯಲ್ಲಿ ದೂಡುತ್ತಿದ್ದ. ಮೂವತ್ತೆಂಟು ವರ್ಷ ಸಂಸಾರ ಮಾಡಿದ ಹೆಂಡತಿ, ಬೆಳೆದ ಎರಡು ಮಕ್ಕಳು, ಮೂವರೂ ಬಾಳೆ ಎಲೆ ಮುಂದೆ ಕೂತು ಆ ಮನುಷ್ಯನಿಗೆ ಏನು ಇಷ್ಟ ಅಂತ ಹುಡುಕುತ್ತಿದ್ದೆವು.

ಮಧ್ಯಾಹ್ನದ ಹೊತ್ತಿಗೆ ಡ್ರೈವರ್ ಮಾಮ ಬಂದರು. ಅಪ್ಪನ ಜೊತೆ ಅದೇ ರೂಟಿನಲ್ಲಿ ಹದಿನಾರು ವರ್ಷ ಗಾಡಿ ಓಡಿಸಿದವರು. ಅಮ್ಮ ಅವರನ್ನೇ ಕೇಳಿದಳು. ಮಾಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕಳ್ಳ ಸಿಕ್ಕಿಬಿದ್ದ ಹಾಗೆ ನಕ್ಕರು.

'ಬೈಯಬೇಡಿ ಅಕ್ಕಾ. ಗಡ್‌ಬಡ್ ಇಡಿ.'

ಗಡ್‌ಬಡ್ ಐಸ್‌ಕ್ರೀಂ. ಮಂಗಳೂರು ಕಡೆಯದು. ಉದ್ದ ಗ್ಲಾಸಿನಲ್ಲಿ ಎರಡು ಮೂರು ಥರದ ಐಸ್‌ಕ್ರೀಂ, ನಡುನಡುವೆ ಜೆಲ್ಲಿ, ಹಣ್ಣು, ಗೋಡಂಬಿ. ತಿಂಗಳಿಗೆ ಒಂದು ಸಲ, ಸಂಬಳ ಆದ ವಾರದ ನೈಟ್ ಹಾಲ್ಟಿನಲ್ಲಿ, ಖಾಕಿ ಬಿಚ್ಚಿ, ಸ್ನಾನ ಮಾಡಿ, ಪೌಡರ್ ಹಾಕಿಕೊಂಡು ನಮ್ಮಪ್ಪ ಐಸ್‌ಕ್ರೀಂ ಪಾರ್ಲರಿಗೆ ಹೋಗುತ್ತಿದ್ದನಂತೆ. ಶುಗರ್ ಅಂತ ಮಾಮ ಬೈದರೆ, 'ಡ್ಯೂಟಿಯಲ್ಲಿ ಶುಗರ್ ಲೆಕ್ಕಕ್ಕಿಲ್ಲ' ಅನ್ನುತ್ತಿದ್ದನಂತೆ. ಜೆಲ್ಲಿಯನ್ನು ಮೊದಲು ಹೆಕ್ಕಿ ಪಕ್ಕಕ್ಕಿಟ್ಟು ಕೊನೆಗೆ ತಿನ್ನುತ್ತಿದ್ದನಂತೆ. ತಿನ್ನಲು ಅರ್ಧ ಗಂಟೆ.

ಅಮ್ಮ ಒಂದು ಕ್ಷಣ ಬಾಯಿ ತೆರೆದು ನೋಡಿದಳು. ಆಮೇಲೆ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವ ಹಾಗೆ, ಎಡೆ ಮುಂದೆ ನಗಬಾರದು ಅಂತ ಸೆರಗು ಬಾಯಿಗೆ ಒತ್ತಿಕೊಂಡು. ತಮ್ಮ ಓಡಿಹೋಗಿ ಬೇಕರಿಯಿಂದ ನಾಲ್ಕು ಕಪ್ ಐಸ್‌ಕ್ರೀಂ ತಂದ. ಜೆಲ್ಲಿ ಸಿಗಲಿಲ್ಲ. ಸ್ಟೀಲ್ ಲೋಟಕ್ಕೆ ಐಸ್‌ಕ್ರೀಂ ಸುರಿದು, ಬಾಳೆಹಣ್ಣು ಕೊಯ್ದು ಹಾಕಿ, ಗೋಡಂಬಿ ಉದುರಿಸಿ, ಮೇಲೆ ಮಿಕ್ಸೆಡ್ ಫ್ರೂಟ್ ಜ್ಯಾಮ್ ಹಚ್ಚಿ ಮುದ್ದೆ ಪಕ್ಕ ಇಟ್ಟೆವು. ಊದುಬತ್ತಿ ಅರ್ಧ ಉರಿಯುವಷ್ಟರಲ್ಲಿ ಕರಗಿ ಎಲೆ ತುಂಬ ಹರಿಯಿತು. ಉಪ್ಸಾರಿಗೂ ತಾಗಿತು.

ನಗು ಮುಗಿದ ಮೇಲೆ ನನಗೆ ಸಿಟ್ಟು ಬಂತು. ಅಪ್ಪ ಪಾಪ, ಬದುಕಲೇ ಇಲ್ಲ ಅಂತ ಆರು ತಿಂಗಳು ಅತ್ತಿದ್ದೆ. ಇಲ್ಲಿ ನೋಡಿದರೆ ಮನುಷ್ಯ ಪೌಡರ್ ಹಾಕಿಕೊಂಡು ಅರ್ಧ ಗಂಟೆ ಜೆಲ್ಲಿ ತಿನ್ನುತ್ತಿದ್ದ! ಅವನೇನೂ ಬದುಕನ್ನು ಮುಂದಕ್ಕೆ ಹಾಕಿರಲಿಲ್ಲ. ನಮ್ಮ ಜೊತೆ ಮಾಡಬೇಕಾದದ್ದನ್ನು ಮಾತ್ರ ಮುಂದಕ್ಕೆ ಹಾಕಿದ್ದ. ಒಬ್ಬನೇ ತಿನ್ನುವ ಐಸ್‌ಕ್ರೀಮಿಗೆ ಟೈಮ್ ಇತ್ತು. ನಮ್ಮನ್ನು ಕರೆದುಕೊಂಡು ಹೋಗುವುದಕ್ಕೆ ದುಡ್ಡು ಕೂಡಬೇಕು, ರಜೆ ಸಿಗಬೇಕು, ಮಗಳ ಮದುವೆ ಸಾಲ ತೀರಬೇಕು. ನಮಗೆ ಅಂತ ಏನು ಮಾಡಿದರೂ ಅದು ದೊಡ್ಡದಾಗಿ, ಸರಿಯಾಗಿ ಆಗಬೇಕಿತ್ತು ಅವನಿಗೆ. ಆ ಗಡ್‌ಬಡ್ಡಿನ ಒಂದು ಗ್ಲಾಸು ನಾವೂ ತಿನ್ನಬಹುದಿತ್ತಲ್ಲ ಅಪ್ಪ, ನಮಗೆ ಅದೇ ಸಾಕಿತ್ತು ಅಂತ ಯಾರಿಗೆ ಹೇಳುವುದು?

ಹೊರಡುವಾಗ ಮಾಮ ಇನ್ನೊಂದು ಮಾತು ಹೇಳಿದರು. 'ಕಡಲಿಗೆ ಕರೆದ್ರೆ ಮಾತ್ರ ಬರ್ತಿರಲಿಲ್ಲ ಅಕ್ಕಾ. ನಾವೆಲ್ಲ ಹೋದ್ರೂ ಅವರು ಬಸ್ಸಲ್ಲೇ ಮಲಗೋರು. ನಮ್ಮನೆಯವಳಿಗಿಂತ ಮೊದಲು ನೋಡಿದ್ರೆ ಬೇಜಾರು ಮಾಡ್ಕೋತಾಳೆ ಅನ್ನೋರು.'

ಅಮ್ಮ ಏನೂ ಹೇಳಲಿಲ್ಲ. ಎಲೆ ಎತ್ತಲು ಒಳಗೆ ಹೋದಳು.

ನವೆಂಬರಿನಲ್ಲಿ ಅಮ್ಮನ ಪೆನ್ಷನ್ನಿಗೆ ಜೀವನ ಪ್ರಮಾಣ ಪತ್ರ ಮಾಡಿಸಬೇಕಾಯಿತು. ಅಪ್ಪನ ಪಿ.ಎಫ್. ಪೆನ್ಷನ್ನಿನ ಅರ್ಧ ಅಮ್ಮನಿಗೆ ಬರುತ್ತದೆ, ದೊಡ್ಡ ಮೊತ್ತವೇನಲ್ಲ. ಅದಕ್ಕೂ ಬದುಕಿದ್ದೀನಿ ಅಂತ ವರ್ಷಕ್ಕೊಮ್ಮೆ ತೋರಿಸಬೇಕು. ಸೈಬರ್ ಸೆಂಟರಿನಲ್ಲಿ ಅಮ್ಮನ ಹೆಬ್ಬೆಟ್ಟನ್ನು ಮಿಷನ್ ಒಪ್ಪಲೇ ಇಲ್ಲ. ಪಾತ್ರೆ ತಿಕ್ಕಿ ತಿಕ್ಕಿ ಗೆರೆ ಸವೆದುಹೋಗಿವೆ. ಹುಡುಗ, 'ಅಮ್ಮಾ, ಬೆರಳನ್ನ ತಲೆಗೆ ಒರೆಸಿಕೊಳ್ಳಿ, ಎಣ್ಣೆ ತಾಗಿದ್ರೆ ಹಿಡೀತದೆ' ಅಂದ. ಆರು ಸಲ ಒತ್ತಿದಳು. ಆಗಲಿಲ್ಲ. ಕೊನೆಗೆ ಮೊಬೈಲ್ ಕ್ಯಾಮೆರಾ ಮುಖಕ್ಕೆ ಹಿಡಿದು ಕಣ್ಣು ಮಿಟುಕಿಸಿ ಅಂದ. ಅಮ್ಮ ಎರಡು ಸಲ ಮಿಟುಕಿಸಿದಳು. ಹಸಿರು ಗುರುತು ಬಂತು.

ಹೊರಗೆ ಬಂದವಳೇ ಕೇಳಿದಳು, 'ಬದುಕಿದ್ದೀನಂತಲ್ಲ. ಈಗ ಕಡಲು ನೋಡೋಕೆ ಹೋಗೋಣ್ವಾ?'

ನಾನು 'ಯಾವಾಗ' ಅಂತ ಕೇಳಲು ಹೋಗಿ ನಾಲಿಗೆ ಕಚ್ಚಿಕೊಂಡೆ. ಆ ವಾರ ಆಗಲಿಲ್ಲ, ಸುಳ್ಳು ಯಾಕೆ ಹೇಳಲಿ. ಜನವರಿ ಆಯಿತು. ಆದರೆ ಅವತ್ತೇ ಸಂಜೆ ಮೂರು ದಿನದ ರಜೆ ಹಾಕಿದೆ. ಮ್ಯಾನೇಜರ್ ಕಾರಣ ಕೇಳಿದಾಗ 'ಕೆಲಸ ಇದೆ' ಅಂದೆ.

ಕಾರು ಬೇಡ ಅಂದಳು ಅಮ್ಮ. ಅದೇ ರೂಟು, ಅದೇ ಕೆಂಬಸ್ಸು. ನನಗೂ ಅವಳಿಗೂ ಸೊನ್ನೆ ಟಿಕೆಟ್. ತಮ್ಮನಿಗೆ ಮಾತ್ರ ದುಡ್ಡು. ಅವನು ಐನೂರರ ನೋಟು ತೆಗೆದಾಗ ಅಮ್ಮ ಕೈ ಮೇಲೆ ಹೊಡೆದು, ತನ್ನ ಪರ್ಸಿನಿಂದ ಸರಿಯಾಗಿ ಎಣಿಸಿ ಚಿಲ್ಲರೆ ಕೊಟ್ಟಳು. 'ಬೆಳಿಗ್ಗೆ ಹೊತ್ತು ಕಂಡಕ್ಟರ್ ಹತ್ರ ಎಲ್ಲಿಂದ ಚಿಲ್ಲರೆ ಬರ್ಬೇಕು?' ಟಿಕೆಟ್ಟಿನ ಹಿಂದೆ ಏನೂ ಬರೆಯುವ ಹಾಗಿರಲಿಲ್ಲ.

ಪಣಂಬೂರಿನಲ್ಲಿ ಅಮ್ಮ ಮೊದಲು ಹೇಳಿದ್ದು 'ಎಷ್ಟು ಸದ್ದು!' ಟೀವಿಯಲ್ಲಿ ಯಾವಾಗಲೂ ವಾಲ್ಯೂಮ್ ಕಡಿಮೆ ಇಟ್ಟು ನೋಡಿದ್ದಳೇನೋ. ಮೊಣಕಾಲ ತನಕ ಸೀರೆ ಎತ್ತಿ ನಿಂತಳು. ಅಲೆ ವಾಪಸ್ ಹೋಗುವಾಗ ಕಾಲ ಕೆಳಗಿನ ಮರಳು ಜಾರುತ್ತದಲ್ಲ, ಆಗೆಲ್ಲ ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ಸಂಜೆ ಐಸ್‌ಕ್ರೀಂ. ಗಡ್‌ಬಡ್ಡಿನ ಮೊದಲ ಚಮಚ ಬಾಯಿಗಿಟ್ಟು ಕಣ್ಣು ಮುಚ್ಚಿದಳು. 'ಇಷ್ಟು ಸಿಹಿ! ಅದಕ್ಕೇ ಶುಗರ್ ಇಳೀತಿರಲಿಲ್ಲ ಕಳ್ಳಂದು.' ಅವಳಿಗೆ ಜೆಲ್ಲಿ ಇಷ್ಟ ಆಗಲಿಲ್ಲ. ಪಕ್ಕಕ್ಕಿಟ್ಟಳು. ನಾನು ತಿಂದೆ.

ಮರುದಿನ ಬೆಳಿಗ್ಗೆ ವಾಪಸ್ ಹೊರಟೆವು. ಗುಂಡ್ಯ ದಾಟಿ ಶಿರಾಡಿ ಹತ್ತುವಾಗ ಅಮ್ಮ ಕಿಟಕಿಗೆ ತಲೆ ಕೊಟ್ಟು ಮಲಗಿದ್ದಳು. ಮಾರನಹಳ್ಳಿ ಆಯಿತು. ಬಿಸಿಲು ಚೆನ್ನಾಗಿತ್ತು. ದೋಣಿಗಲ್ ಹತ್ತಿರ ಗುಡ್ಡದ ಮೇಲೆ ಆ ಕಪ್ಪು ಗೋಡೆ ಕಂಡಿತು. ನಾನು ಅಮ್ಮನಿಗೆ ತೋರಿಸೋಣ ಅಂತ ತಿರುಗಿದರೆ ಅವಳು ಆಗಲೇ ಎದ್ದು ನಿಂತಿದ್ದಾಳೆ.

'ಹೋಲ್ಡಾನ್!' ಅಂತ ಕೂಗಿದಳು. ನಮ್ಮಪ್ಪ ಕೂಗುವ ಹಾಗೇ, 'ಹೋ' ಚಿಕ್ಕದು, 'ಡಾನ್' ಉದ್ದ.

ಬಸ್ಸು ನಿಂತಿತು. ಕಂಡಕ್ಟರ್ ಹಿಂದಿನಿಂದ, 'ಅಮ್ಮಾ, ನಿಮ್ಮ ಟಿಕೆಟ್ ಹಾಸನದ ತನಕ ಇದೆ' ಅಂದ.

'ಇರಲಿ ಬಿಡಪ್ಪ. ಫ್ರೀ ಟಿಕೆಟ್ ಅಲ್ವಾ.'

'ನಂದು ಫ್ರೀ ಅಲ್ಲ' ಅಂತ ಗೊಣಗುತ್ತ ತಮ್ಮ ಬ್ಯಾಗು ಎತ್ತಿಕೊಂಡ.

ಇಳಿದೆವು. ಬಸ್ಸು ಹೊಗೆ ಬಿಟ್ಟು ತಿರುವಿನಲ್ಲಿ ಮರೆಯಾಯಿತು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಮೊದಲ ಹತ್ತು ಮೆಟ್ಟಿಲು ಎಣಿಸಿಕೊಂಡು ಹತ್ತಿದಳು. ಹನ್ನೊಂದನೆಯದರ ಮೇಲೆ ಕೂತು, ಮಂಡಿ ಒತ್ತಿಕೊಳ್ಳುತ್ತ, ಚೀಲದಿಂದ ಉಳಿದ ಚಕ್ಕುಲಿ ಹೊರಗೆ ತೆಗೆದಳು.